ಐದೇ ನಿಮಿಷ, ಅಕ್ಕಾ

ನನ್ನ ಭಾವ ಎಂಟು ತಿಂಗಳಿಂದ ನನ್ನ ಜೊತೆ ಮಾತು ಬಿಟ್ಟಿದ್ದರು. ಕಾರಣ ನಾನೇ. ಅಕ್ಕನ ಮಗುವಿನ ನಾಮಕರಣದ ದಿನ, ಊಟಕ್ಕೆ ಕೂತ ಪಂಕ್ತಿಯ ಮುಂದೆ ನಿಂತು, ಭಾವ ಫೋನಿನಲ್ಲಿ ಮಾತಾಡುವುದನ್ನು ಮಾಡಿ ತೋರಿಸಿದ್ದೆ. ಅವರು ಫೋನನ್ನು ಕಿವಿಗೆ ಹಿಡಿಯುವುದಿಲ್ಲ, ರೊಟ್ಟಿ ಕಚ್ಚುವವರ ಹಾಗೆ ಬಾಯಿಗೆ ಹಿಡಿಯುತ್ತಾರೆ. ಪ್ರತಿ ಮಾತಿನ ಕೊನೆಗೆ “ಅರ್ಥ ಆಯ್ತಾ, ಆಗ್ಲಿಲ್ಲ ಅಲ್ವಾ” ಎಂದು ಪ್ರಶ್ನೆಯನ್ನೂ ಉತ್ತರವನ್ನೂ ತಾವೇ ಹೇಳಿ ಮುಗಿಸುತ್ತಾರೆ. ಅವರ ಹೆತ್ತ ತಾಯಿಯೇ ಸಾರು ನೆತ್ತಿಗೇರುವಷ್ಟು ನಕ್ಕರು. ಭಾವ ನಗಲಿಲ್ಲ. ಅಂದಿನಿಂದ ನನಗೆ ಹೇಳಬೇಕಾದ್ದನ್ನೆಲ್ಲ ಅಕ್ಕನಿಗೆ ಹೇಳುತ್ತಿದ್ದರು, ನಾನು ಎರಡಡಿ ದೂರದಲ್ಲಿ ನಿಂತಿದ್ದರೂ.

ಹಾಗಾಗಿ ಶಿಡ್ಲಘಟ್ಟದ ಅವರ ಮನೆಗೆ ಯಾರಾದರೂ ಕರೆದರೆ ಮಾತ್ರ ನಾನು ಹೋಗುತ್ತಿದ್ದೆ. ಆ ಸಲ ಕರೆದದ್ದು ಅಕ್ಕ. ಅವಳು ಮನೆಯಲ್ಲೇ ಕಂಪ್ಯೂಟರ್ ಎಂಬ್ರಾಯ್ಡರಿ ಮಾಡುತ್ತಾಳೆ. ಮದುವೆ ಹೆಣ್ಣುಗಳ ರವಿಕೆಗೆ ಬೇಕಾದ ನವಿಲು, ಬಳ್ಳಿ, ಕಮಲಗಳನ್ನು ಪರದೆಯ ಮೇಲೆ ತಾನೇ ಬರೆದು ಮಷೀನಿಗೆ ಕೊಡುತ್ತಾಳೆ. ಐದು ವರ್ಷದ ಡಿಸೈನುಗಳೆಲ್ಲ ಒಂದೇ ಎಸ್‌ಎಸ್‌ಡಿಯಲ್ಲಿ, ಅಂದರೆ ಅಂಗೈಯಗಲದ ಒಂದು ಡಿಸ್ಕಿನಲ್ಲಿ ಇದ್ದವು. ಆ ಡಿಸ್ಕು ಒಂದು ತಿಂಗಳಿಂದ ಆಟ ಆಡಿಸುತ್ತಿತ್ತು. ಕೆಲಸದ ಮಧ್ಯೆ ಕಂಪ್ಯೂಟರ್ ಗರ ಬಡಿದಂತೆ ನಿಂತುಬಿಡುವುದು. ಆರಿಸಿ ಮತ್ತೆ ಹಾಕಿದರೆ ಡಿಸ್ಕೇ ಇಲ್ಲ ಅನ್ನುವುದು, ಇನ್ನೊಮ್ಮೆ ಹಾಕಿದರೆ ಇದೆ ಅನ್ನುವುದು.

ಡಿಸ್ಕ್ ಮಾಡಿದವರ ವೆಬ್‌ಸೈಟಿನಲ್ಲಿ ಇದಕ್ಕೆ ಮದ್ದು ಇತ್ತು. ಡಿಸ್ಕಿನ ಒಳಗೇ ಅದನ್ನು ನಡೆಸುವ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ, ಫರ್ಮ್‌ವೇರ್ ಅಂತ. ಹಳೆಯದರಲ್ಲಿ ದೋಷವಿದೆ, ಹೊಸದನ್ನು ಹಾಕಿಕೊಳ್ಳಿ ಎಂದು ಬರೆದಿದ್ದರು. ಕೆಳಗೆ ಎಚ್ಚರಿಕೆಯೂ ಇತ್ತು. ಮೊದಲು ಎಲ್ಲ ಫೈಲುಗಳ ಕಾಪಿ ಬೇರೆ ಕಡೆ ಇಟ್ಟುಕೊಳ್ಳಿ, ಅಪ್‌ಡೇಟ್ ಮುಗಿಯುವ ತನಕ ಕರೆಂಟು ಹೋಗದಂತೆ ನೋಡಿಕೊಳ್ಳಿ, ಹೋದರೆ ಡಿಸ್ಕು ಮತ್ತೆ ಏಳದೇ ಇರಬಹುದು. ನಾನು ಚಿಂತಾಮಣಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಇಂಥವನ್ನು ಗಿರಾಕಿಗಳಿಗೆ ಡಾಕ್ಟರ ಮುಖ ಮಾಡಿಕೊಂಡು ಓದಿ ಹೇಳುತ್ತೇನೆ. ನನಗೂ ಅನ್ವಯಿಸುತ್ತದೆ ಎಂದು ಯಾವತ್ತೂ ಅನ್ನಿಸಿರಲಿಲ್ಲ.

“ಐದೇ ನಿಮಿಷ, ಅಕ್ಕಾ,” ಅಂದೆ.

“ಮೊದ್ಲು ಕಾಪಿ ಮಾಡು. ಮಾಡಿ, ಕಾಪೀಲಿರೋ ನಾಲ್ಕು ಡಿಸೈನು ತೆಗೆದು ನಂಗೆ ತೋರ್ಸು. ನಿನ್ನ ಮಾತಂತೂ ನಂಬಲ್ಲ ಕಣಪ್ಪ.”

ಬಾಗಿಲಲ್ಲಿ ಭಾವ ಬಂದು ನಿಂತಿದ್ದರು. ಅಕ್ಕನ ಕಡೆ ನೋಡಿಕೊಂಡು ಅಂದರು, “ನಿನ್ನ ತಮ್ಮಂಗೆ ಹೇಳು, ಹೋದ್ಸಲ ಅವ್ನು ಮುಟ್ಟಿದ್ ಟಿವೀಲಿ ಇವತ್ತಿಗೂ ಬರೀ ತೆಲುಗು ಚಾನೆಲ್ಲೇ ಬರ್ತಾ ಐತೆ.”

“ಭಾವಂಗೆ ಹೇಳಕ್ಕ, ಅವ್ರು ನೋಡೋದೂ ಅದನ್ನೇ ಅಲ್ವಾ.”

“ನಾನೇನು ಪೋಸ್ಟ್ ಡಬ್ಬಾನಾ?” ಅಂದಳು ಅಕ್ಕ.

ಕಾಪಿ ಆಗಲು ಒಂದೂವರೆ ಗಂಟೆ ಹಿಡಿಯಿತು. ನಾಲ್ಕಲ್ಲ, ಹತ್ತು ಡಿಸೈನು ತೆರೆಸಿ ನೋಡಿದ ಮೇಲೆ ಅಕ್ಕ ತಲೆಯಾಡಿಸಿದಳು. ಆಮೇಲೆ ನೆನಪಾದವಳಂತೆ, ಮಂಚೇನಹಳ್ಳಿಯ ಮದುವೆ ಹೆಣ್ಣಿನ ರವಿಕೆ ಬಾಕಿಯಿದೆ ಅಂದಳು. ಅದನ್ನು ಇನ್ನೂ ಶುರುವೇ ಮಾಡಿರಲಿಲ್ಲ, ಮಾರನೆಯ ದಿನ ಬೆಳಿಗ್ಗೆ ಹೆಣ್ಣಿನ ತಾಯಿ ಬರುವವರಿದ್ದರು. “ಬರ್ಕೊಂಡ್ಬಿಡು,” ಅಂದೆ. ಅವಳು ಮೂರು ಗಂಟೆ ಕೂತು ತೋಳಿನ ಹಂಸಗಳನ್ನೂ ಬೆನ್ನಿನ ಬಳ್ಳಿಯನ್ನೂ ಬರೆದಳು. ನಾನು ಅವಳ ಮನೆಯ ಮುದ್ದೆ ಉಂಡು ಒಂದು ನಿದ್ದೆ ತೆಗೆದೆ.

“ಇದನ್ನೂ ಕಾಪಿ ಮಾಡ್ಬೇಕಲ್ವೇನೋ?”

“ಇದೊಂದಕ್ಕೆ ಯಾಕಕ್ಕ? ಐದೇ ನಿಮಿಷದ ಕೆಲ್ಸ.”

“ಕರೆಂಟ್ ಹೋದ್ರೆ?”

“ಯುಪಿಎಸ್ ಇದೆಯಲ್ಲ.”

“ಹಂಗಾದ್ರೆ ನಿಮ್ ಭಾವಂಗೆ ಅದನ್ನ ಮುಟ್ಬೇಡಿ ಅಂತ ಒಂದು ಮಾತು ಹೇಳು. ನಾನು ಹೇಳಲ್ಲ. ಈ ಸಲ ನೀನೇ ಹೇಳು.” ಹಾಗಂದು ಅಳುತ್ತಿದ್ದ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಅವಳು ಯಾಕೆ ಹಾಗೆ ಹೇಳಿದಳು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಮನೆಯ ಹಿಂದೆ ಭಾವನ ಶೆಡ್ಡು, ರೇಷ್ಮೆ ನೂಲಿಗೆ ಹುರಿ ಹಾಕುವ ಮಷೀನುಗಳು. ಕರೆಂಟು ಹೋದಾಗ ಸ್ವಿಚ್ ಹಾಕಿಯೇ ಬಿಟ್ಟಿದ್ದರೆ, ವಾಪಸ್ಸು ಬಂದಾಗ ಎಲ್ಲ ಮಷೀನೂ ಒಟ್ಟಿಗೆ ಜಗ್ಗಿ ನೂರಾರು ಎಳೆ ಕಿತ್ತುಹೋಗುತ್ತವೆ. ಅದಕ್ಕೆ ಆ ಕಸುಬಿನವರು ಕರೆಂಟು ಹೋದ ಗಳಿಗೆಯೇ ಸ್ವಿಚ್ಚುಗಳನ್ನೆಲ್ಲ ಆರಿಸುತ್ತಾರೆ. ಭಾವನ ಕೈಗೆ ಅದು ಎಷ್ಟು ಅಂಟಿದೆಯೆಂದರೆ ಶೆಡ್ಡಿನಲ್ಲಿ ನಿಲ್ಲುವುದಿಲ್ಲ. ಮನೆಯೊಳಗಿನ ಟಿವಿ, ಫ್ಯಾನು, ಫ್ರಿಜ್ಜು, ಕೈಗೆ ಸಿಕ್ಕಿದ್ದೆಲ್ಲ ಆರುತ್ತದೆ. ಕಿರುಚುವ ಯುಪಿಎಸ್ಸಂತೂ ಮೊದಲು.

ಹೇಳಬೇಕಿತ್ತು. ಹೇಳಲಿಲ್ಲ. ಎಂಟು ತಿಂಗಳ ಮೇಲೆ ಮೊದಲು ಬಾಯಿಬಿಟ್ಟವನು ನಾನು ಅಂತ ಆಗುವುದು ನನಗೆ ಬೇಕಿರಲಿಲ್ಲ.

ಅಪ್‌ಡೇಟ್ ಶುರು ಮಾಡಿದೆ. ಎಷ್ಟು ಮುಗಿಯಿತೆಂದು ತೋರಿಸುವ ಪರದೆಯ ಮೇಲಿನ ಪಟ್ಟಿ ಆಮೆಯಂತೆ ತೆವಳುತ್ತಿತ್ತು. ನೋಡಿ ನೋಡಿ ಬೇಜಾರಾಗಿ ಶೆಡ್ಡಿಗೆ ಹೋದೆ. ಅಲ್ಲಿ ಕೆಲಸ ಮಾಡುವ ಇಬ್ಬರು ಹೆಂಗಸರಿಗೆ ನಾನೆಂದರೆ ಇಷ್ಟ. ಅಂದರೆ, ನಾನು ಮಾಡುವ ಭಾವ ಎಂದರೆ ಇಷ್ಟ. ಹೊಟ್ಟೆ ಮುಂದೆ ಮಾಡಿ, ಒಂದು ಕೈಯನ್ನು ಸ್ವಿಚ್ಚಿನತ್ತ ಚಾಚಿ, ಮಷೀನುಗಳ ಸದ್ದನ್ನು ಮೀರುವಂತೆ ಅರಚಿದೆ: “ಕರೆಂಟು ಬರೋವಾಗ ಸುಮ್ನೆ ಬರಲ್ಲ, ಒದ್ಕೊಂಡು ಬರುತ್ತೆ, ಅರ್ಥ ಆಯ್ತಾ...”

“ಅಚ್ಚಂ ಆಯನೇ,” ಥೇಟ್ ಅವರೇ, ಎಂದು ತೆಲುಗಿನಲ್ಲಿ ಹೇಳಿ ಇಬ್ಬರಲ್ಲಿ ದೊಡ್ಡವಳು ಸೆರಗು ಬಾಯಿಗೆ ಇಟ್ಟುಕೊಂಡಳು.

ಆಗಲೇ ಕರೆಂಟು ಹೋಯಿತು. ಅಷ್ಟೂ ಮಷೀನು ಒಮ್ಮೆಲೇ ನಿಂತವು. ಆ ಮೌನದಲ್ಲಿ ಉಳಿದದ್ದು ನನ್ನ ಗಂಟಲಿನಿಂದ ಹೊರಡುತ್ತಿದ್ದ ಭಾವನ ದನಿ ಒಂದೇ: “...ಆಗ್ಲಿಲ್ಲ ಅಲ್ವಾ.” ಇಡೀ ಮನೆಗೆ ಕೇಳಿಸಿತು. ಒಳಗೆ ಯುಪಿಎಸ್ ಕೀಂಯ್ ಕೀಂಯ್ ಎಂದಿತು. ಎರಡು ಸಲ. ಮೂರನೆಯದು ಬರಲಿಲ್ಲ.

ನಾನು ಓಡಿದೆ. ಪರದೆ ಕಪ್ಪಾಗಿತ್ತು. ಭಾವನ ಬೆರಳು ಇನ್ನೂ ಯುಪಿಎಸ್ಸಿನ ಗುಂಡಿಯ ಮೇಲೇ ಇತ್ತು.

“ಏನ್ ಭಾವ ಮಾಡಿದ್ರಿ?”

“ಕಿರುಚ್ತಿತ್ತು, ಆರಿಸ್ದೆ. ಈ ಮನೇಲಿ ಯಾವಾಗ್ಲೂ ನಾನೇ ಆರ್ಸೋದು.” ಈಗ ಅವರು ನೇರವಾಗಿ ನನ್ನನ್ನೇ ನೋಡುತ್ತಿದ್ದರು. “ಮುಟ್ಬೇಡಿ ಅಂತ ಹೇಳಕ್ಕೆ ನಿಂಗೆ ನಾಲ್ಗೆ ಇರ್ಲಿಲ್ವಾ? ಶೆಡ್ಡಲ್ಲಿ ಇತ್ತಲ್ಲ.”

ಅಭ್ಯಾಸಬಲದಿಂದ ಆರಿಸಿದರೋ, ನನ್ನ ದನಿ ಕೇಳಿ ಬೇಕೆಂದೇ ಆರಿಸಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಿಲ್ಲ, ಕೇಳುವುದೂ ಇಲ್ಲ.

ಕರೆಂಟು ಬಂದ ಮೇಲೆ ಕಂಪ್ಯೂಟರ್ ಎದ್ದಿತು, ಡಿಸ್ಕು ಏಳಲಿಲ್ಲ. ಬಿಚ್ಚಿ ಹಾಕಿದೆ, ಕೇಬಲ್ ಬದಲಾಯಿಸಿದೆ, ಅರ್ಧ ಗಂಟೆ ಬಿಟ್ಟು ನೋಡಿದೆ. ಡಿಸ್ಕು ಸತ್ತಿತ್ತು. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನಿಂತಿದ್ದ ಅಕ್ಕ ಕೇಳಿದಳು, “ಹಳೇವೆಲ್ಲ ಕಾಪೀಲಿವೆ. ರವಿಕೆ?”

“ಅಲ್ಲಕ್ಕ, ಭಾವ ಆರ್ಸದೇ ಇದ್ದಿದ್ರೆ...”

“ಡಿಸ್ಕ್ ಹಾಳ್ಮಾಡಿದ್ದು ಅವ್ರು. ರವಿಕೆ ಹಾಳ್ಮಾಡಿದ್ದು ನೀನು. ಕಾಪಿ ಮಾಡು ಅಂದಿದ್ನಲ್ಲೋ. ನಿದ್ದೆ ಮಾಡಕ್ಕೆ ಬಂದಿದ್ಯಾ ಇಲ್ಲಿಗೆ?”

ಪೇಟೆಗೆ ಹೋಗಿ ಹೊಸ ಡಿಸ್ಕು ತಂದು, ಎಲ್ಲ ಹಾಕಿ, ಹಳೆಯ ಡಿಸೈನುಗಳನ್ನು ತುಂಬಿಸಿ ಕೊಡುವ ಹೊತ್ತಿಗೆ ಸಂಜೆಯಾಗಿತ್ತು. ಅಕ್ಕ ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಮೊದಲ ಹಂಸದ ಕೊಕ್ಕಿನಿಂದ ಮತ್ತೆ ಶುರು ಮಾಡಿದಳು. ಸುಮ್ಮನಿರಲಾರದೆ ಕೇಳಿದೆ, “ಎಷ್ಟೊತ್ತಾಗುತ್ತಕ್ಕ?”

ಅದಕ್ಕೆ ಉತ್ತರ ಕೊಟ್ಟವರು ಬಾಗಿಲಲ್ಲಿದ್ದ ಭಾವ. ಯಾರನ್ನೂ ಯಾವತ್ತೂ ಅಣಕಿಸದ ಮನುಷ್ಯ ತಲೆಯನ್ನು ಎಡಕ್ಕೆ ವಾಲಿಸಿ, ಹಲ್ಲು ಕಿರಿದು, ಕತ್ತಿನ ಹಿಂಭಾಗ ಕೆರೆದುಕೊಳ್ಳುತ್ತ ನನ್ನದೇ ರಾಗದಲ್ಲಿ ಎಳೆದರು: “ಐದೇ ನಿಮಿಷ, ಅಕ್ಕಾ.”

ಕೆಲಸ ಮುಗಿಸಿ ಹೊರಟಿದ್ದ ಹೆಂಗಸರು ಅಂಗಳದಲ್ಲೇ ನಿಂತು ನಕ್ಕರು. ಅಕ್ಕ ಆ ದಿನ ಮೊದಲ ಸಲ ನಕ್ಕಳು, ಪರದೆಯಿಂದ ಕಣ್ಣು ತೆಗೆಯದೆ. ನಾನು ಹಾಗೆ ಕತ್ತು ಕೆರೆದುಕೊಳ್ಳುವುದೇ ಇಲ್ಲ ಎಂದು ವಾದಿಸಲು ಬಾಯಿ ತೆರೆದೆ. ನೋಡಿದರೆ ನನ್ನ ಕೈ ಆಗಲೇ ಅಲ್ಲಿತ್ತು.