ಬಾನೆಟ್ ಮುಟ್ಟದ ಶನಿವಾರ

ಹಳೆಯ ಕಾರಿನ ಹಣೆಬರಹ ಓದುವುದರಲ್ಲಿ ಎಮೆಟ್ ಟಲ್ಲಿಯನ್ನು ಮೀರಿಸುವವರು ಅಮೆರಿಕದ ಮನ್ಸಿ ಊರಲ್ಲೇ ಇರಲಿಲ್ಲ. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ; ಉಳಿದವರೂ ಒಪ್ಪುತ್ತಿದ್ದರೆನ್ನಿ. ಮೂವತ್ತು ವರ್ಷ ಊರಿನ ಬಸ್ಸುಗಳನ್ನು ರಿಪೇರಿ ಮಾಡಿ ನಿವೃತ್ತನಾದ ಅವನು, ಹೆಂಡತಿ ತೀರಿಕೊಂಡ ಮೇಲೆ ಪ್ರತಿ ಶನಿವಾರ ಕಾರು ಹರಾಜಿನ ಅಂಗಳಕ್ಕೆ ಹಾಜರು. ಕೊಳ್ಳುವುದೇನೂ ಇರುತ್ತಿರಲಿಲ್ಲ. ಸಲಹೆ ಕೊಡುವುದಿತ್ತು.

ಹರಾಜಿಗೆ ಮುಂಚೆ ಒಂದು ಗಂಟೆ ಕಾರುಗಳನ್ನು ನೋಡಬಹುದು, ಇಂಜಿನ್ ಚಾಲೂ ಮಾಡಿಸಬಹುದು. ಓಡಿಸುವಂತಿಲ್ಲ. ಕೊಂಡ ಮೇಲೆ ವಾಪಸಿನ ಮಾತೇ ಇಲ್ಲ. ಅದಕ್ಕೇ ಎಮೆಟ್ ಎಲ್ಲಕ್ಕೂ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದ. ಬೆಚ್ಚಗಿದ್ದರೆ, ತಣ್ಣನೆಯ ಇಂಜಿನ್ ಮಾಡುವ ಸದ್ದು ಕೇಳಬಾರದೆಂದು ಯಾರೋ ಮೊದಲೇ ಓಡಿಸಿಟ್ಟಿದ್ದಾರೆ ಎಂದರ್ಥ. ಅಂಥ ಕಾರನ್ನು ಅವನು ತಿರುಗಿಯೂ ನೋಡುತ್ತಿರಲಿಲ್ಲ.

ಪಕ್ಕದ ಮನೆಯ ಡೋರೀನ್‌ಗೆ ಮೂವತ್ತು ಮೈಲಿ ಆಚೆಯ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು. ಬಸ್ಸಿಲ್ಲದ ದಾರಿ. ಕಾರಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಕೂಡಿಟ್ಟದ್ದನ್ನೆಲ್ಲ ಹಿಡಿದು ಎಮೆಟ್‌ನ ಜೊತೆ ಹರಾಜಿಗೆ ಹೊರಟಳು.

"ನಂಗೆ ಬಣ್ಣ ಬಿಟ್ರೆ ಬೇರೇನೂ ಗೊತ್ತಾಗಲ್ಲ ಎಮೆಟ್. ನೀವು ಹೂಂ ಅಂದ್ರೆ ಕೈ ಎತ್ತಿಬಿಡ್ತೀನಿ."

"ನಾನಿದೀನಲ್ಲ ಹುಡುಗಿ, ಯಾಕೆ ಹೆದರ್ತೀಯ?"

ಅಂಗಳದಲ್ಲಿ ಹಳೆಯ ಬಸ್ ಡ್ರೈವರ್ ಕ್ಲೈಟಸ್ ಗಂಟುಬಿದ್ದ. "ಏನಯ್ಯಾ ಡಾಕ್ಟ್ರೇ, ಇವತ್ತು ಯಾರ ನಾಡಿ ನೋಡೋಕೆ ಬಂದೆ?" ಇಷ್ಟು ಸಾಕಾಯಿತು. ಹೋದ ತಿಂಗಳು ತಾನು ಹಿಡಿದುಹಾಕಿದ ಮೋಸದ ಕಾರಿನ ಕತೆಯನ್ನು ಎಮೆಟ್ ಶುರುಮಾಡಿದ. ಅವನ ಕತೆಗಳು ಗಿಡ್ಡವಲ್ಲ. ಡೋರೀನ್ ಓಡಿಬಂದು ತೋಳು ಜಗ್ಗುವ ಹೊತ್ತಿಗೆ ಆ ಒಂದು ಗಂಟೆ ಮುಗಿಯುತ್ತ ಬಂದಿತ್ತು. ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಡೋನಟ್ ಹಿಡಿದೇ ಅವನು ಅವಳು ಮೆಚ್ಚಿದ್ದ ಕಂದು ಬಣ್ಣದ ಕಾರಿನ ಹತ್ತಿರ ಹೋದ. ಇಂಜಿನ್ ಬೆಣ್ಣೆಯಂತೆ ಮೆತ್ತಗೆ ಓಡಿತು. ತಲೆಯಾಡಿಸಿದ. ಡೋರೀನ್ ಕೈ ಎತ್ತಿದಳು.

ಮರುದಿನ ಬೆಳಿಗ್ಗೆ ಬೇಲಿಯಾಚೆ ಅವಳು ಕಾರು ಚಾಲೂ ಮಾಡಿದಾಗ ಕಿಟಕಿಯಲ್ಲಿ ನಿಂತಿದ್ದ ಎಮೆಟ್‌ಗೆ ಕೇಳಿಸಿತು: ಡಬ್ಬಿಯೊಳಗೆ ಮೊಳೆ ಅಲುಗಾಡಿಸಿದಂಥ ಸದ್ದು. ಇಂಜಿನ್ನಿನೊಳಗಿನ ಟೈಮಿಂಗ್ ಚೈನ್ ಸವೆದಿದೆ ಎಂದು ಗೊತ್ತಾಗಲು ಅವನು ಎರಡನೆಯ ಸಲ ಕೇಳಬೇಕಿರಲಿಲ್ಲ. ಆಗಲೇ ಹೋಗಿ ಹೇಳಿದ್ದರೆ, ತಾನೇ ಬಿಚ್ಚಿ ಬದಲಾಯಿಸಬಹುದಿತ್ತು. ಆದರೆ ಹೇಳಬೇಕೆಂದರೆ ಕಾಫಿ, ಡೋನಟ್ಟಿನ ಕತೆಯನ್ನೂ ಹೇಳಬೇಕಲ್ಲ. ನಾಳೆ ಹೇಳೋಣ ಎಂದುಕೊಂಡ. ದಿನವೂ ಆ ಸದ್ದು ಕೇಳಿದ, ದಿನವೂ ನಾಳೆ ಎಂದುಕೊಂಡ.

ಐದನೆಯ ವಾರ ಹೆದ್ದಾರಿಯಲ್ಲಿ ಚೈನ್ ಹರಿದು ಇಂಜಿನ್ ಹಾಳಾಯಿತು. ಎಮೆಟ್‌ಗೆ ಬೇಜಾರಾದೀತೆಂದು ಡೋರೀನ್, ರಜೆ ಹಾಕಿದ್ದೇನೆ, ಕಾರು ಗೆಳತಿಯ ಹತ್ತಿರ ಇದೆ ಎಂದು ಸುಳ್ಳು ಹೇಳಿ, ಅದನ್ನು ವಾರದ ತನಕ ಅವನಿಗೆ ತಿಳಿಸಲೇ ಇಲ್ಲ. ಗೊತ್ತಾದ ಕೂಡಲೇ ಅವನು ಅವಳ ಮನೆಗೆ ಓಡಿದ.

"ದಿನಾ ನಾನೇ ಕರ್ಕೊಂಡು ಹೋಗ್ತೀನಿ, ನಡಿ."

"ಎಲ್ಲಿಗೆ? ಅವರು ಆಗ್ಲೇ ಬೇರೆಯವಳನ್ನ ತಗೊಂಡಾಯ್ತು." ಅವಳು ನಗಲು ನೋಡಿದಳು. "ನಿಮ್ಮ ಮುಖ ಯಾಕೆ ಹಾಗಾಯ್ತು? ನಿಮ್ಮಂಥವರ ಕಣ್ಣಿಗೇ ಬೀಳದೇ ಇದ್ದದ್ದು ಇನ್ಯಾರಿಗೆ ಕಾಣ್ಸುತ್ತೆ? ಎಲ್ಲಾರ್ಗೂ ಅದನ್ನೇ ಹೇಳಿದೀನಿ."

ಎಮೆಟ್‌ಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

"ಡೋರೀನ್, ಆವತ್ತು ನಾನು..."

"ಬಿಡಿ ಅದನ್ನ. ನನ್ನ ತಂಗಿಗೂ ಒಂದು ಕಾರು ಬೇಕಂತೆ. ನೀವಿದೀರಿ, ಯೋಚ್ನೆ ಮಾಡ್ಬೇಡ ಅಂತ ಧೈರ್ಯ ಹೇಳಿದೀನಿ. ಬರೋ ಶನಿವಾರ ಬರ್ತೀರಲ್ವಾ?"

ಎಮೆಟ್ ಬಾಗಿಲ ಕಡೆ ತಿರುಗಿದ.

"ಎಂಟು ಗಂಟೆಗೆ ರೆಡಿ ಇರೋಕೆ ಹೇಳು" ಎಂದ.