ಶೇಂಗಾ ಕಾಯಿಯೋ ಗಡ್ಡೆಯೋ ಅಂತ ನಮ್ಮ ಕಟ್ಟೆಯ ಮೇಲೆ ತೀರ್ಪಾದದ್ದು

ಹಿತ್ತಲಲ್ಲಿ ಮೊದಲ ಶೇಂಗಾ ಗಿಡ ಕಿತ್ತು, ಮಣ್ಣು ಝಾಡಿಸಿ ಎತ್ತಿ ಹಿಡಿದೆ. ಬುಡದ ತುಂಬ ಕಾಯಿ! ಹಿಂದೆ ನಿಂತಿದ್ದ ನಮ್ಮ ಮಾವನವರು ಶಾಬಾಸ್ ಅನ್ನುತ್ತಾರೆ ಅಂದುಕೊಂಡೆ…

"ಅಯ್ಯೋ ರಾಮಾ! ಇದು ಉಳ್ಳಾಗಡ್ಡಿ ಹಂಗ ನೆಲದಾಗ ಬೆಳೀತದ?" ಅಂದರು.

ಧಾರವಾಡದ ಮಾತಿದು, ಎರಡನೇ ಮಹಾಯುದ್ಧದ ಕಾಲ. ನನಗಾಗ ಹದಿನಾರು, ಮದುವೆಯಾಗಿ ವರ್ಷವಾಗಿತ್ತು. ಈಗ ನಾನು ಹೇಳುತ್ತಿದ್ದೇನೆ, ಮರಿಮಗಳು ಟೈಪ್ ಮಾಡುತ್ತಿದ್ದಾಳೆ. ತಪ್ಪಿದ್ದರೆ ಅವಳದ್ದು.

ಮಾವನವರು ರಿಟೈರ್ಡ್ ಹೆಡ್‌ಮಾಸ್ತರರು. ಆಫ್ರಿಕಾದ ನದಿಗಳನ್ನು ನಕಾಶೆಯಲ್ಲಿ ಕಣ್ಣು ಮುಚ್ಚಿ ತೋರಿಸುತ್ತಿದ್ದರು. ಶೇಂಗಾ ಮಾತ್ರ ಅರವತ್ತು ವರ್ಷ ಪೇಟೆಯಿಂದ ಚೀಲದಲ್ಲೇ ಬಂದಿತ್ತು, ಅದು ಎಲ್ಲಿ ಹುಟ್ಟುತ್ತದೆ ಅಂತ ಕೇಳುವ ಪ್ರಸಂಗ ಬಂದಿರಲಿಲ್ಲ.

ನಾನು ಶೇಂಗಾ ಹಾಕಿದ್ದು ಗೋದಾ ಅತ್ಯಾಗೋಸ್ಕರ. ಅವರು ಮಾವನವರ ಅಕ್ಕ. ಹನ್ನೊಂದನೇ ವರ್ಷಕ್ಕೆ ಗಂಡ ಹೋದಾಗಿನಿಂದ ಕೆಂಪು ಸೀರೆ, ಬೋಳು ತಲೆ, ದಿನಕ್ಕೆ ಒಂದೇ ಊಟ. ನಮ್ಮ ಅತ್ತೆ ತೀರಿಕೊಂಡ ಮೇಲೆ ಮನೆಯ ಮಡಿ ಅಡುಗೆಯೆಲ್ಲ ಅವರದೇ.

ಸಂಜೆಗೆ ಅವರಿಗೆ ಇದ್ದದ್ದು ಒಂದು ಹಿಡಿ ಹುರಿದ ಶೇಂಗಾ, ಒಂದು ಚೂರು ಬೆಲ್ಲ. ಹಲ್ಲು ಉಳಿದಿರಲಿಲ್ಲ, ಕುಟ್ಟಿಕೊಂಡು ತಿನ್ನುತ್ತಿದ್ದರು.

ಯುದ್ಧದಲ್ಲಿ ಎಲ್ಲ ತುಟ್ಟಿಯಾಗಿ ಆ ಹಿಡಿ ಅರ್ಧಕ್ಕೆ ಬಂತು. ನೋಡಲಾಗಲಿಲ್ಲ ನನಗೆ. ತವರುಮನೆ ಮುಗದದಿಂದ ಬೀಜ ತರಿಸಿ ಹಿತ್ತಲಲ್ಲಿ ಊರಿದೆ, ದಿನಾ ಅದರ ಮುಂದೆ ಕೂತು ಕಳೆ ಕಿತ್ತೆ.

ಈಗ ಬೆಳೆ ಬಂದಿದೆ. ಮಾವನವರಿಗೆ ಸಂಶಯವೂ ಬಂದಿದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಗಜ್ಜರಿಯಂಥ ಗಡ್ಡೆಗಳು ಮಡಿ ಹೆಂಗಸರಿಗೆ ವರ್ಜ್ಯ. ಹಾಗಾದರೆ ಶೇಂಗಾ?

ಸಂಜೆ ಕಟ್ಟೆಯ ಮೇಲೆ ಮೀಟಿಂಗ್. ಪಕ್ಕದ ಮನೆಯ ವಕೀಲರು ಬಂದರು, ಪಂಚಾಂಗ ಹಿಡಿದುಕೊಂಡು ಆಚಾರ್ಯರು ಬಂದರು. ನನಗೆ ಆರ್ಡರ್ ಬಂತು, ಕಿತ್ತ ಶೇಂಗಾ ಉಪ್ಪು ಹಾಕಿ ಕುದಿಸಿ ತಾ ಅಂತ.

ತಂದಿಟ್ಟೆ. ಮೂವರೂ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾ, ಇದು ತಿನ್ನಬಹುದೋ ಬಾರದೋ ಅಂತ ಚರ್ಚೆಗೆ ಕೂತರು.

"ನೆಲದ ಕೆಳಗ ಬೆಳೆದದ್ದು ಗಡ್ಡಿ. ಪಾಯಿಂಟ್ ಕ್ಲಿಯರ್ ಅದ," ಅಂದರು ವಕೀಲರು.

ಒಳಗಿಂದ ನನ್ನವರು ಮೆಲ್ಲಗೆ ಕೇಳಿದರು, "ಹಂಗಾದ್ರ ಬಟಾಟಿರಿ? ಉಪವಾಸಕ್ಕ ತಿಂತೀವಲ್ಲರಿ?"

"ಅದು ಬ್ಯಾರೆ ಕೇಸು!"

ನನಗೆ ಉತ್ತರ ಗೊತ್ತಿತ್ತು. ಮೂರು ತಿಂಗಳು ಕಣ್ಣಾರೆ ನೋಡಿದವಳು ನಾನೊಬ್ಬಳೇ. ಆದರೆ ಸೊಸೆಯನ್ನು ಕೇಳಬೇಕು ಅಂತ ಯಾವ ಪಂಚಾಂಗದಲ್ಲೂ ಬರೆದಿರಲಿಲ್ಲ ಕಾಣುತ್ತದೆ.

ಬುಟ್ಟಿ ಖಾಲಿಯಾಯಿತು, ತೀರ್ಪು ಬಂತು. ಗಂಡಸರಿಗೆ ದೋಷವಿಲ್ಲ. ಮಡಿ ಹೆಂಗಸರಿಗೆ ವರ್ಜ್ಯ.

"ಸಂಶಯ ಇದ್ದಲ್ಲೆ ಬಿಟ್ಟುಬಿಡೂದು ಛಲೋ," ಅಂದರು ಆಚಾರ್ಯರು. ಸಂಶಯ ಮೂವರದು, ಬಿಡಬೇಕಾದವರು ಅತ್ಯಾ. ಎದ್ದು ಹೋಗುವಾಗ ಪಂಚೆ ಝಾಡಿಸಿದರು ನೋಡಿ, ಮೆಟ್ಟಿಲ ತುಂಬ ಸಿಪ್ಪೆ… ಅದನ್ನೂ ನಾನೇ ಗುಡಿಸಿದೆ.

ಅವತ್ತಿನಿಂದ ಅತ್ಯಾ ಬರೀ ನೀರು ಕುಡಿದು ಚಾಪೆ ಹಾಸಿಕೊಳ್ಳುತ್ತಾರೆ. ನನಗೆ ಸಿಟ್ಟು, ಅಳು ಎರಡೂ. ನಾನು ಬೆಳೆಯದೇ ಇದ್ದಿದ್ದರೆ ಆ ಅರ್ಧ ಹಿಡಿಯಾದರೂ ಇರುತ್ತಿತ್ತಲ್ಲ! "ನನ್ನಿಂದನ ಆತರಿ ಅತ್ಯಾ," ಅಂತ ಅತ್ತುಬಿಟ್ಟೆ.

"ಹುಚ್ಚಿ, ಸುಮ್ಮನಿರು. ನೋಡಕೋತ ಇರು," ಅಂದರು.

ಮರುದಿನ ಊಟಕ್ಕೆ ಕೂತ ಮಾವನವರು ಎಲೆಯ ಮೂಲೆಯಲ್ಲಿ ಹುಡುಕುತ್ತಾರೆ. "ಅಕ್ಕಾ, ಶೇಂಗಾ ಚಟ್ನಿ ಎಲ್ಲಿ?"

"ಮಡೀಲೆ ಅದನ್ನ ಹ್ಯಾಂಗ ಮುಟ್ಟಲೋ ತಮ್ಮಾ? ನೀವ ಹೇಳೀರಿ, ಗಡ್ಡಿ ಅಂತ."

ಎಷ್ಟು ಸಾದಾ ಮುಖ ಮಾಡಿ ಹೇಳಿದರು ಅಂದರೆ, ನಾನು ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದೆ.

ಬದನೆಕಾಯಿ ಎಣ್ಣೆಗಾಯಿಗೆ ಶೇಂಗಾ ಪುಡಿ ಇಲ್ಲ. ಅವಲಕ್ಕಿಗೆ ಶೇಂಗಾ ಇಲ್ಲ. ಹಬ್ಬಕ್ಕೆ ಶೇಂಗಾ ಹೋಳಿಗೆ ಇಲ್ಲವೇ ಇಲ್ಲ. ಸೊಸೆ ಮಾಡಲಿ ಅಂದರು ಮಾವನವರು. ಮಾಡಲಿ ಅಂದರು ಅತ್ಯಾ, ಆದರೆ ಒಲೆ ಮಡಿಯದು, ಒರಳು ಮಡಿಯದು, ಅಲ್ಲಿ ಗಡ್ಡೆ ಇಡುವುದು ಹೇಗೆ? ಶಾಸ್ತ್ರ ಅಂದರೆ ಶಾಸ್ತ್ರ.

ಎಂಟು ದಿನ ತಡೆದರು ಮಾವನವರು, ಪಾಪ. ಒಂಬತ್ತನೇ ದಿನ ಬೆಳಿಗ್ಗೆ ಚಾಳೀಸು ಕನ್ನಡಕ ಹಾಕಿಕೊಂಡು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ! ಕೀಳದೆ ಉಳಿದ ಗಿಡದಲ್ಲಿ ಇನ್ನೂ ಒಂದೆರಡು ಹಳದಿ ಹೂವಿತ್ತು.

"ಏನವಾ, ಈ ಹೂವು ಮುಂದ ಏನಾಗತದ?" ಅಂದರು. ಮದುವೆಯಾಗಿ ಬಂದ ಮೇಲೆ ಅವರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಬಾಗಿಲ ಮರೆಯಿಂದಲೇ ಹೇಳಿದೆ, "ಹೂವು ಬಾಡಿದ ಮ್ಯಾಲೆ ಅದರಿಂದ ಸೂಜಿಯಂಥಾ ದಂಟು ಕೆಳಗ ಬಗ್ಗಿ ಮಣ್ಣಾಗ ಇಳೀತದರಿ. ಅದರ ತುದೀಗೆ ಕಾಯಿ ಕಟ್ಟತದರಿ. ಬೇರಿಗೆ ಹುಟ್ಟೂದಿಲ್ಲರಿ."

ಸಂಜೆ ಮತ್ತೆ ಕಟ್ಟೆ. "ನಾ ಸ್ವತಃ ಪರೀಕ್ಷಾ ಮಾಡಿ ಕಂಡುಹಿಡದೇನಿ," ಅಂತ ಮಾವನವರು ಹೂವಿಂದ ಕಾಯಿಯವರೆಗೆ ಪಾಠವನ್ನೇ ಮಾಡಿದರು. ನನ್ನ ಮಾತುಗಳೇ, ಆ ಸೂಜಿ ಸಹಿತ!

ವಕೀಲರು ಹೌದು ಹೌದು ಅಂದರು. ಆಚಾರ್ಯರು ಪಂಚಾಂಗ ತೆರೆಯಲೂ ಇಲ್ಲ, "ಹೂವಿಂದ ಆದದ್ದು ಫಲಾನ," ಅಂದುಬಿಟ್ಟರು. ಚಹಾ ಆರುವುದರೊಳಗೆ ಅಪೀಲು ಮುಗಿಯಿತು.

ಸುದ್ದಿ ಕೇಳಿ ಅತ್ಯಾ, "ಹೌದ? ಛಲೋ ಆತು," ಅಂದರು ಅಷ್ಟೇ. ಮರುದಿನ ಶೇಂಗಾ ಹುರಿದು ಚಟ್ನಿ ಕುಟ್ಟಿದರು. ಗಂಡಸರು ಎಲೆಯ ಮುಂದೆ ಕೈಕಟ್ಟಿ ಕೂತಿದ್ದಾರೆ… ಅತ್ಯಾ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಬೆಲ್ಲ ಬೆರೆಸಿದ ಒಂದು ಹಿಡಿ ಪುಡಿಯನ್ನು ಎಲ್ಲರ ಕಣ್ಣೆದುರು ನಿಧಾನ ತಿಂದು ಮುಗಿಸಿದರು. ಆಮೇಲೆ ಕೈ ತೊಳೆದು ಬಡಿಸಲು ಎದ್ದರು.

ಅತ್ಯಾನ ಹೊಟ್ಟೆ ಹಸಿದಾಗ ಅಲುಗದ ಶಾಸ್ತ್ರ ಮಾವನವರ ನಾಲಿಗೆ ಸಪ್ಪಗಾದಾಗ ತಾನೇ ಸರಿಯಿತು. ನಿಮ್ಮ ಮನೆಯಲ್ಲಿ ಅದು ಯಾರ ಹಸಿವಿಗೆ ಸರಿಯುತ್ತದೆ, ಹೇಳ್ತೀರಾ?