ಚನ್ನಬಸಮ್ಮನವರ ಮೂವತ್ತೆರಡು ವರ್ಷದ ಸರ್ವಿಸ್

ನ್ಯೂಯಾರ್ಕಿನ ಜೆರಿಕೋದ ಚನ್ನಬಸಮ್ಮನವರಿಗೆ ತಂಗಿಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅದೂ ಒಂದು ಸಮಾಧಿಯ ವಿಷಯಕ್ಕೆ. ಅಲ್ಲಿಯವರೆಗೆ ಹೊಟ್ಟೆ ಉರಿದುಕೊಳ್ಳುವ ಪಾಳಿ ತಂಗಿಯದಾಗಿತ್ತು. ಅಕ್ಕನ ಗಂಡ ಮೃತ್ಯುಂಜಯ ಡಾಕ್ಟರು, ದೊಡ್ಡ ಮನೆ, ಎರಡು ಕಾರು. ತಂಗಿ ರಜನಿಯ ಗಂಡ ವೀರೇಂದ್ರ ಈ ದೇಶಕ್ಕೆ ಬಂದ ಹೊಸದರಲ್ಲೇ ಇಲ್ಲಿಯ ಸೈನ್ಯ ಸೇರಿ ಎಂಟು ವರ್ಷ ಲಾರಿ ರಿಪೇರಿ ಮಾಡಿದವನು. ಆಮೇಲೆ ನ್ಯೂಜೆರ್ಸಿಯ ಬಸ್ ಗ್ಯಾರೇಜಿನಲ್ಲಿ ಕೆಲಸ. ಕನ್ನಡದವರ ಊಟಗಳಲ್ಲಿ ಅವನನ್ನು 'ನಮ್ಮ ಸಿಪಾಯಿ' ಎಂದು ಕರೆದು ನಗಿಸಿದವರು ಚನ್ನಬಸಮ್ಮನವರೇ. ನಕ್ಕವರಲ್ಲಿ ನಾವೆಲ್ಲ ಇದ್ದೆವು, ನಾನೂ ಇದ್ದೆ.

ಹೋದ ಅಕ್ಟೋಬರಿನಲ್ಲಿ ವೀರೇಂದ್ರ ತೀರಿಕೊಂಡ. ನ್ಯೂಜೆರ್ಸಿ ರಾಜ್ಯವೇ ನಡೆಸುವ ಮಾಜಿ ಸೈನಿಕರ ಸ್ಮಶಾನದಲ್ಲಿ ಮಣ್ಣು ಮಾಡಿದರು. ಸಮವಸ್ತ್ರ ತೊಟ್ಟ ಇಬ್ಬರು ಬಾವುಟವನ್ನು ತ್ರಿಕೋನವಾಗಿ ಮಡಚಿ, ಮೊಣಕಾಲೂರಿ ರಜನಿಯ ಕೈಗಿತ್ತರು. ಕಹಳೆ ಊದಿದರು. ನಮ್ಮ ಲಿಂಗಾಯತರ ಪದ್ಧತಿಯಂತೆ ಕೂರಿಸಿ ಮಣ್ಣು ಕೊಡಲು ಆಗಲಿಲ್ಲ, ಪೆಟ್ಟಿಗೆಯಲ್ಲಿ ಮಲಗಿಸಬೇಕಾಯಿತು. ಆದರೆ ಅಂಗೈಯಲ್ಲಿ ಇಷ್ಟಲಿಂಗ ಇಡುವುದಕ್ಕೆ ಯಾರೂ ಬೇಡವೆನ್ನಲಿಲ್ಲ. ಜಾಗ, ಕಲ್ಲು, ಮುಂದೆ ಹುಲ್ಲು ಕತ್ತರಿಸುವುದು, ಎಲ್ಲ ಸರ್ಕಾರದ್ದು.

"ನನಗೂ ಅದ ಕುಣಿಯೊಳಗ ಜಾಗ ಐತಂತ ಅಕ್ಕಾ," ಎಂದಳು ರಜನಿ, ಅತ್ತು ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ. "ಕಲ್ಲಿನ ಹಿಂದಿನ ಕಡೆ ನನ್ನ ಹೆಸರು ಕೆತ್ತತಾರಂತ."

"ಹಿಂದಿನ ಕಡೆ, ಹೌದಿಲ್ಲೋ? ಛಲೋ ಆತು ಬಿಡು," ಎಂದರು ಚನ್ನಬಸಮ್ಮ.

ವಾಪಸ್ ಬರುವಾಗ ಕಾರು ಸೇತುವೆ ದಾಟಿದ ಮೇಲೆ ಗಂಡನ ಕಡೆ ತಿರುಗಿದರು. "ನಾಳೆ ನಮಗೇನೈತ್ರೀ?"

"ರೊಕ್ಕ ಕೊಟ್ಟರ ಎಲ್ಲಿ ಬೇಕಲ್ಲಿ ಜಾಗ ಸಿಗತೈತಿ."

"ಕೊಂಡ ಜಾಗ ಯಾರಿಗೆ ಬೇಕಾಗೈತಿ? ಆಕಿಗೆ ಸರ್ಕಾರ ಕರದು ಕೊಟ್ಟೈತಿ."

ಅದೇ ಚಳಿಗಾಲದಲ್ಲಿ ಕೆಲವು ಮಾಜಿ ಸೈನಿಕರು ನಮ್ಮ ಕಡೆಗೂ ರಾಜ್ಯದ್ದೇ ಒಂದು ಸ್ಮಶಾನ ಬೇಕೆಂದು ಸಹಿ ಸಂಗ್ರಹಕ್ಕೆ ಇಳಿದರು. ಕಟ್ಟುವುದಕ್ಕೆ ಕೇಂದ್ರದ ಅನುದಾನ ಸಿಗುತ್ತದೆ. ಆದರೆ ಕಟ್ಟಿದ ಮೇಲೆ ಅದನ್ನು ನೋಡಿಕೊಳ್ಳುವ ಖರ್ಚು ರಾಜ್ಯದ್ದು. ಆ ಖರ್ಚಿಗೆ ರಾಜ್ಯ ಒಪ್ಪಬೇಕಾದರೆ ಜನ ಕೇಳಬೇಕು. ಚನ್ನಬಸಮ್ಮ ಕೇಳಿದರು. "ಜೆರ್ಸಿಯವರಿಗೆ ಐತಿ, ನಮಗ್ಯಾಕಿಲ್ಲ?" ಎನ್ನುತ್ತ ಶನಿವಾರ ಶನಿವಾರ ಜ್ಯಾಕ್ಸನ್ ಹೈಟ್ಸ್‌ನ ಸೀರೆ ಅಂಗಡಿಗಳ ಮುಂದೆ ಶಾಲು ಹೊದ್ದು ನಿಂತರು. ಹಾಳೆಯ ಮೊದಲ ಹೆಸರು ಅವರದೇ.

"ಆಂಟಿ, ನಿಮ್ಮನೇಲಿ ಯಾರಾದ್ರೂ ಆರ್ಮಿಲಿದ್ರಾ?" ಎಂದು ಬೆಂಗಳೂರಿನ ಹುಡುಗಿಯೊಬ್ಬಳು ಕೇಳಿದಳು.

"ನಮ್ಮ ಮನಿಯವರದು ಮೂವತ್ತೆರಡು ವರ್ಷ ಸರ್ವಿಸ್ ಆಗೈತವಾ."

ಸುಳ್ಳಲ್ಲ. ಮೃತ್ಯುಂಜಯ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷ ದುಡಿದವರು. ಸಕ್ಕರೆ ಕಾಯಿಲೆಯಿಂದ ಕೊಳೆತ ಕಾಲುಗಳನ್ನು ತೊಳೆದು ಕಟ್ಟಿದವರು. ನಮ್ಮಲ್ಲಿ ಸರ್ವಿಸ್ ಎಂದರೆ ನೌಕರಿಯ ವರ್ಷ. ಮಾಸ್ತರರದ್ದೂ ಸರ್ವಿಸ್, ಕಂಡಕ್ಟರನದ್ದೂ ಸರ್ವಿಸ್. ಈ ದೇಶದಲ್ಲಿ ಆ ಮಾತು ಬಂದೂಕಿನವರಿಗೆ ಮೀಸಲು ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಏಪ್ರಿಲ್‌ನಲ್ಲಿ ಲೈಬ್ರರಿಯಲ್ಲಿ ಸಭೆ. ರಜನಿಯೂ ಬಂದಿದ್ದಳು, ಜೆರ್ಸಿಯ ವಿಧವೆಯಾಗಿ ನಾಲ್ಕು ಮಾತಾಡಲು. ಎಲ್ಲರೂ ಚಪ್ಪಾಳೆ ತಟ್ಟಿದ್ದು ಅವಳಿಗೇ. ಸಭೆ ಮುಗಿದ ಮೇಲೆ ಚನ್ನಬಸಮ್ಮ ಮಗಳು ರಕ್ಷಾಳನ್ನು ಎಳೆದುಕೊಂಡು ಮೇಜಿನ ಹತ್ತಿರ ಹೋದರು. ಮುಂದೆ ಜಾಗ ಬೇಕಾದವರ ಹೆಸರು ಬರೆದುಕೊಳ್ಳುತ್ತಿದ್ದ ಮುದುಕಿ, ನೌಕಾಪಡೆಯಿಂದ ನಿವೃತ್ತಳಾದವಳು, ಗಂಡನ ಡಿಸ್ಚಾರ್ಜ್ ಪೇಪರ್ ಕೇಳಿದಳು.

ಚನ್ನಬಸಮ್ಮ ಸಿದ್ಧವಾಗಿಯೇ ಬಂದಿದ್ದರು. ಫೈಲು ಬಿಚ್ಚಿದರು. "ಎರಡು ಸಲ ಡಿಸ್ಚಾರ್ಜ್ ಆಗ್ಯಾರ. ಬೈಪಾಸ್ ಆದಾಗಿಂದು ಬೇಕೋ, ಮೊಣಕಾಲಿಂದೋ, ಕೇಳ ರಕ್ಷಾ."

ರಕ್ಷಾ ಕಣ್ಣು ಮುಚ್ಚಿಕೊಂಡಳು. "ಅಮ್ಮಾ, ಆರ್ಮಿ ಡಿಸ್ಚಾರ್ಜ್. ಡ್ಯಾಡ್ ವಾಸ್ ನೆವರ್ ಇನ್ ಇಟ್."

ಮುದುಕಿ ಒಳ್ಳೆಯವಳು, ನಗಲಿಲ್ಲ. ಸೈನಿಕರಿಗೆ ಮದ್ದು ಕೊಟ್ಟಿದ್ದರೂ ಸೈನ್ಯ ಸೇರದ ಡಾಕ್ಟರಿಗೆ ಈ ಜಾಗ ಸಲ್ಲುವುದಿಲ್ಲ ಎಂದು ಎರಡು ಸಲ ಬಿಡಿಸಿ ಹೇಳಿದಳು.

ಹಿಂದೆ ನಿಂತಿದ್ದ ರಜನಿ ನಿಧಾನವಾಗಿ ಅಂದಳು. "ಹೋಗಲಿ ಬಿಡ ಅಕ್ಕಾ. ನನ್ನ ಜಾಗ ತಗೋ ಅನ್ನಾಕೂ ಬರಂಗಿಲ್ಲ. ಅದು ಸಿಪಾಯಿ ಹೇಣ್ತಿಗಷ್ಟ."

ನಲವತ್ತು ವರ್ಷ ಕಾದಿಟ್ಟ ಮಾತು.

ನನಗೆ ಸಿಟ್ಟು ಬರುತ್ತದೆ. ಲಾರಿಯ ಗಾಲಿ ಬಿಚ್ಚಿದವನಿಗೆ ಕಹಳೆ, ಸೈನಿಕನ ಕಾಲು ಉಳಿಸಿದವನಿಗೆ ಎರಡು ಸಲ 'ಸಲ್ಲುವುದಿಲ್ಲ'. ಆದರೆ ನಮ್ಮ ಮೇಲೂ ಸಿಟ್ಟಿದೆ. ವೀರೇಂದ್ರ ಬದುಕಿದ್ದಾಗ ನಮ್ಮ ಪಂಕ್ತಿಯಲ್ಲಿ ಅವನಿಗೆ ಸರಿಯಾದ ಒಂದು ಜಾಗ ಕೊಡದವರು, ಸತ್ತ ಮೇಲೆ ಅವನ ಜಾಗಕ್ಕೆ ಕಣ್ಣು ಹಾಕುತ್ತೇವೆ.

ಚನ್ನಬಸಮ್ಮನ ಚೀಲದಲ್ಲಿ ಆರುನೂರ ಹನ್ನೊಂದು ಸಹಿಗಳಿದ್ದವು. ಚೀಲವನ್ನು ಎದೆಗೊತ್ತಿಕೊಂಡು ಬಾಗಿಲವರೆಗೆ ನಡೆದರು. ಅಲ್ಲಿ ವಾಕರ್ ಹಿಡಿದು ಕುಂಟುತ್ತ ಹೊರಟಿದ್ದ ಮಾಜಿ ಸೈನಿಕನೊಬ್ಬ ಬಾಗಿಲು ಹಿಡಿದು ನಿಂತು, "ಡಾಕ್ಟರ್ ಹೇಗಿದ್ದಾರೆ ಮೇಡಂ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಕಾಲು ಎರಡೂ ಅವನವೇ, ಕತ್ತರಿಸದೆ ಉಳಿದವು. ಚನ್ನಬಸಮ್ಮ ಅವನ ಬೂಟು ನೋಡಿದರು, "ಫೈನ್, ಫೈನ್" ಅಂದರು, ತಿರುಗಿ ಬಂದು ಹಾಳೆಗಳನ್ನೆಲ್ಲ ಮೇಜಿನ ಮೇಲಿಟ್ಟರು. ಆಮೇಲೆ ಮುದುಕಿಯ ಪೆನ್ನು ಇಸಿದುಕೊಂಡು, ಮೊದಲ ಹಾಳೆಯ ಮೊದಲ ಹೆಸರನ್ನು, ತಮ್ಮದನ್ನಷ್ಟೇ, ಒಂದು ಗೆರೆ ಎಳೆದು ಹೊಡೆದುಹಾಕಿದರು.

ಹೊರಗೆ ಪಾರ್ಕಿಂಗ್‌ನಲ್ಲಿ ತಂಗಿಯನ್ನು ಕೇಳಿದರು. "ಹಿಂದಿನ ಕಡೆ ಅಕ್ಷರ ಎಷ್ಟು ದೊಡ್ಡವು ಕೆತ್ತತಾರಲೇ?"

"ಮುಂದಿನ ಕಡೆ ಇದ್ದಷ್ಟ, ಅಕ್ಕಾ."

ಚನ್ನಬಸಮ್ಮ ಕಾರಿನ ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡರು.